ಭಾವ ತಂದ ಡ್ರೈ ಜಿನ್: ಗಿಮ್ಲೆಟ್, ಮಾರ್ಟಿನಿ ಮನೆಯಲ್ಲಿ ಸರಿಯಾಗಿ ಬರುವುದು ಹೇಗೆ?

ನೀರ್ಚಾಲಿನವ:
ಬಿಸು ಹಬ್ಬಕ್ಕೆ ದುಬೈಯಿಂದ ಬಂದ ಭಾವ ಒಂದು ಲೀಟರ್ ಲಂಡನ್ ಡ್ರೈ ಜಿನ್ ತಂದಿದ್ದಾರೆ. ನಮ್ಮ ಕಡೆ ಬ್ರಾಂಡಿ, ರಮ್ ಬಿಟ್ಟರೆ ಬೇರೆ ಬಾಟ್ಲಿ ಮನೆಗೆ ಬರುವುದು ಕಡಿಮೆ. ಹೆಸರು ಮಾತ್ರ ಕೇಳಿ ಗೊತ್ತಿರುವ ಹಳೆಯ ಕಾಕ್‌ಟೇಲ್‌ಗಳನ್ನು ಒಮ್ಮೆ ಸರಿಯಾಗಿ ಮಾಡಿ ನೋಡೋಣ ಅಂತ ನಮ್ಮಿಬ್ಬರ ಆಸೆ.

ಕಳೆದ ಭಾನುವಾರ ಗಿಮ್ಲೆಟ್ ಮಾಡಿದೆವು. ಜಿನ್ 60 ಎಂಎಲ್, ಅಂಗಡಿಯ ಲೈಮ್ ಕಾರ್ಡಿಯಲ್ (ಸಿಹಿ ನಿಂಬೆ ಷರಬತ್ತು) 30 ಎಂಎಲ್, ಫ್ರಿಜ್ಜಿನ ಐಸ್ ಮೂರು ತುಂಡು. ಮೊದಲ ಗುಟುಕಿಗೆ ಬರೀ ಸಿಹಿ. ಆಮೇಲೆ ಗಂಟಲು ಉರಿ. ಹತ್ತು ನಿಮಿಷದಲ್ಲಿ ಐಸ್ ಕರಗಿ ನೀರುನೀರು. ಮಾರ್ಟಿನಿಯೂ ಮಾಡಿದೆವು. ಅದಂತೂ ಆಸ್ಪತ್ರೆಯ ಸ್ಪಿರಿಟ್ ಹಾಗೆ ಇತ್ತು. ಭಾವ ಬೇಜಾರು ಮಾಡಿಕೊಂಡರು. ಅಲ್ಲಿ ಇದೇ ಜಿನ್ನಿನ ಗಿಮ್ಲೆಟ್ ಕುಡಿದಿದ್ದೇನೆ, ಹೀಗೆ ಇರಲೇ ಇಲ್ಲ ಅಂತಾರೆ.

ಡ್ರೈ ಅಂದರೆ ಎಂತ? ನಾವು ತಪ್ಪಿದ್ದು ಎಲ್ಲಿ? ಇನ್ನೊಂದು, ಜಿನ್ನಿಗೆ ನೀರು ಬೆರೆಸಿದಾಗ ಸ್ವಲ್ಪ ಮಸುಕಾಯಿತು. ಕಲಬೆರಕೆ ಇರಬಹುದಾ?

ವೇದಿಕೆ ನಿರ್ವಾಹಕ:
ಚರ್ಚೆ ನಡೆಯಲಿ. ಕೇರಳದಲ್ಲಿ ಮದ್ಯಕ್ಕೆ 23 ವರ್ಷ ತುಂಬಿರಬೇಕು. ಕುಡಿದ ಮೇಲೆ ಬೈಕು, ಕಾರು ಮುಟ್ಟಬೇಡಿ. ಇದನ್ನು ಪಾಲಿಸುವವರು ಮಾತ್ರ ಮುಂದೆ ಓದಿ.

ಟೀಚರ್, ಮಂಜೇಶ್ವರ:
ಮಸುಕಾದದ್ದಕ್ಕೆ ಹೆದರಬೇಡಿ. ನಾನು ಕೆಮಿಸ್ಟ್ರಿ ಕಲಿಸುವವಳು, ಈ ಪ್ರಶ್ನೆ ನನ್ನದು.

ಜಿನ್ನಿನ ಪರಿಮಳವೆಲ್ಲ ಎಣ್ಣೆಯಲ್ಲಿರುವುದು. ಜುನಿಪರ್ ಕಾಯಿಯ ಎಣ್ಣೆ, ಕೊತ್ತಂಬರಿ ಬೀಜದ ಎಣ್ಣೆ, ಕಿತ್ತಳೆ ಸಿಪ್ಪೆಯ ಎಣ್ಣೆ. ಇವು ಆಲ್ಕೊಹಾಲಿನಲ್ಲಿ ಕರಗುತ್ತವೆ, ನೀರಿನಲ್ಲಿ ಕರಗುವುದಿಲ್ಲ. ನೀವು ನೀರು ಬೆರೆಸಿದಾಗ ಆಲ್ಕೊಹಾಲಿನ ಬಲ ಇಳಿಯುತ್ತದೆ. ಆಗ ಎಣ್ಣೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಹೊರಗೆ ಬರುತ್ತದೆ. ಅದೇ ಆ ಮಸುಕು. ಎಣ್ಣೆ ಜಾಸ್ತಿ ಇರುವ ಜಿನ್ ಮಸುಕಾಗುವುದು ಸಹಜ.

ಡ್ರೈ ಅಂದರೆ ಸಿಹಿ ಇಲ್ಲದ್ದು, ಅಷ್ಟೇ. ಯುರೋಪಿನ ಕಾನೂನಿನ ಪ್ರಕಾರ ಲಂಡನ್ ಜಿನ್ ಅಂತ ಬರೆಯಬೇಕಾದರೆ ಒಂದು ಲೀಟರಿನಲ್ಲಿ 0.1 ಗ್ರಾಮಿಗಿಂತ ಜಾಸ್ತಿ ಸಕ್ಕರೆ ಇರಬಾರದು. ಆಲ್ಕೊಹಾಲ್ ಕಡಿಮೆಯೆಂದರೆ ಶೇ. 37.5 ಇರಬೇಕು. ಎಲ್ಲ ಸಾಂಬಾರ, ಬೇರು, ಸಿಪ್ಪೆ ಬಟ್ಟಿ ಇಳಿಸುವಾಗಲೇ ಬೀಳಬೇಕು. ಇಳಿಸಿ ಆದ ಮೇಲೆ ಪರಿಮಳ ಸೇರಿಸುವ ಹಾಗಿಲ್ಲ, ಬಣ್ಣ ಹಾಕುವ ಹಾಗಿಲ್ಲ. ನೀರು, ಪರಿಮಳವಿಲ್ಲದ ಶುದ್ಧ ಆಲ್ಕೊಹಾಲ್ ಮಾತ್ರ ಸೇರಿಸಬಹುದು. ಲಂಡನ್ ಅನ್ನುವುದು ಊರಿನ ಗುರುತಲ್ಲ, ಮಾಡುವ ಕ್ರಮದ ಗುರುತು. ಗೋವಾದಲ್ಲಿ ಮಾಡಿದರೂ ಅದು ಲಂಡನ್ ಡ್ರೈ. 2017ರಲ್ಲಿ ಗೋವಾದಿಂದ ಬಂದ ಗ್ರೇಟರ್ ದ್ಯಾನ್ ಹಾಗೆಯೇ ಮಾಡಿದ್ದು.

ಕುಂಬಳೆ ಹಳೆಪೇಟೆ:
ಟೀಚರ್ ಹೇಳಿದ್ದಕ್ಕೆ ಸ್ವಲ್ಪ ಚರಿತ್ರೆ ಸೇರಿಸುತ್ತೇನೆ. ನನಗೆ ಇದು ಬಹಳ ಇಷ್ಟದ ವಿಷಯ.

ಜಿನ್ನಿನ ತವರು ಲಂಡನ್ ಅಲ್ಲ, ಹಾಲೆಂಡಿನ ಕಡೆ. ಅಲ್ಲಿ ಧಾನ್ಯದ ಮದ್ಯಕ್ಕೆ ಜುನಿಪರ್ ಹಾಕಿ ಯೆನೆವರ್ ಮಾಡುತ್ತಿದ್ದರು. ಜಿನ್ ಅನ್ನುವ ಹೆಸರು ಅದರಿಂದಲೇ ಬಂದದ್ದು. ಇಂಗ್ಲೆಂಡಿಗೆ ಹೋದ ಮೇಲೆ 1700ರ ನಂತರ ಅದು ಬಡವರ ಕೇರಿಗಳನ್ನು ನುಂಗಿತು. ಒಂದರ ಮೇಲೆ ಒಂದು ಕಾನೂನು ತಂದರು. 1736ರದ್ದು ಫಲ ಕೊಡಲಿಲ್ಲ. 1751ರದ್ದರ ನಂತರ ನಿಧಾನಕ್ಕೆ ಹತೋಟಿಗೆ ಬಂತು.

ಆಗಿನ ಮದ್ಯ ಒರಟು. ಆ ಒರಟುತನ ಮುಚ್ಚಲಿಕ್ಕೆ ಸಕ್ಕರೆ ಬೇಕಿತ್ತು. ಸಿಹಿ ಮಾಡಿದ ಆ ಜಿನ್ನಿಗೆ ಓಲ್ಡ್ ಟಾಮ್ ಅಂತ ಹೆಸರು. 1830ರಲ್ಲಿ ಐರ್ಲೆಂಡಿನ ಈನಿಯಸ್ ಕಾಫಿ ನಿರಂತರ ಬಟ್ಟಿ ಇಳಿಸುವ ಕಂಬದ ಯಂತ್ರಕ್ಕೆ ಪೇಟೆಂಟ್ ಪಡೆದ. ಅದರಿಂದ ಶುದ್ಧ ಆಲ್ಕೊಹಾಲ್ ಸಿಕ್ಕಿತು. ಮುಚ್ಚುವಂಥದ್ದು ಏನೂ ಉಳಿಯಲಿಲ್ಲ, ಸಕ್ಕರೆ ಬಿಟ್ಟರು. ಡ್ರೈ ಹುಟ್ಟಿದ್ದು ಹೀಗೆ.

ಪೆರ್ಲ ಮದ್ದಿನಂಗಡಿ:
ನಮ್ಮದು ಮೂರು ತಲೆಮಾರಿನ ಪಚ್ಚೆಮದ್ದಿನ ಅಂಗಡಿ. ಜಿನ್ನಿನ ಬಾಟ್ಲಿಯ ಹಿಂದೆ ಬರೆದದ್ದನ್ನು ಮೊದಲ ಸಲ ಓದಿದಾಗ ನನಗೆ ನಮ್ಮ ಅಂಗಡಿಯ ಡ್ರಾಯರುಗಳೇ ಕಂಡವು. ಕೊತ್ತಂಬರಿ, ಜೇಷ್ಠಮಧು, ಏಲಕ್ಕಿ, ಬಾಲಮೆಣಸು, ದಾಲ್ಚಿನ್ನಿಯ ತಮ್ಮನಂಥ ಕ್ಯಾಸಿಯಾ ತೊಗಟೆ. ಜುನಿಪರ್ ಕೂಡ ಪರದೇಶಿಯಲ್ಲ. ಆಯುರ್ವೇದದಲ್ಲಿ ಅದಕ್ಕೆ ಹಪುಷಾ ಅಂತ ಹೆಸರು. ಹಿಮಾಲಯದ ಜುನಿಪರ್ ಹಾಕಿ ಮಾಡಿದ ನಮ್ಮ ದೇಶದ ಒಂದು ಜಿನ್ನಿಗೆ ಅದೇ ಹೆಸರು ಇಟ್ಟಿದ್ದಾರೆ, ಹಪುಸಾ.

ಒಣಗಿದ ಹಪುಷಾ ಕಾಯಿ ನೋಡಲಿಕ್ಕೆ ದೊಡ್ಡ ಒಳ್ಳೆಮೆಣಸಿನ ಹಾಗೆ, ಬಣ್ಣ ಕಪ್ಪು ನೇರಳೆ. ಎರಡು ಬೆರಳಿನ ನಡುವೆ ಒತ್ತಿದರೆ ಒಳಗೆ ಅಂಟು. ಮೂಗಿಗೆ ಮೊದಲು ಬರುವುದು ದೇವದಾರು ಮರ ಸೀಳಿದ ವಾಸನೆ. ಆಮೇಲೆ ಸ್ವಲ್ಪ ಸಿಹಿ, ಕೊನೆಗೆ ಮೆಣಸಿನ ಚುರುಕು. ಗಿಡದಲ್ಲಿ ಅದು ಹಣ್ಣಾಗಲಿಕ್ಕೆ ಎರಡು ಮೂರು ವರ್ಷ ಬೇಕು. ಹಾಗಾಗಿ ಒಂದೇ ಗಿಡದಲ್ಲಿ ಹಸಿರು ಕಾಯಿಯೂ ಕಪ್ಪು ಕಾಯಿಯೂ ಒಟ್ಟಿಗೆ ಇರುತ್ತದೆ.

ಜಿನ್ನಿನಲ್ಲಿ ಜುನಿಪರ್ ಆದ ಮೇಲೆ ಮುಖ್ಯ ಸಾಮಾನು ಕೊತ್ತಂಬರಿ ಬೀಜ. ಮನೆಯಲ್ಲಿ ಹತ್ತು ಬೀಜ ಹುರಿಯದೆ ಹಾಗೇ ಜಜ್ಜಿ ಮೂಸಿ ನೋಡಿ. ಸಾರಿನ ನೆನಪು ಬರುವುದಿಲ್ಲ, ನಿಂಬೆ ಸಿಪ್ಪೆಯ ನೆನಪು ಬರುತ್ತದೆ. ಭಾವನ ಜಿನ್ ಮೂಸುವಾಗ ಆ ನಿಂಬೆಯ ಹಾಗಿನ ವಾಸನೆಗೆ ಅರ್ಧ ಕಾರಣ ಕೊತ್ತಂಬರಿಯೇ.

ಹೊಸಂಗಡಿ ಹುಡುಗಿ:
ಇದು ಗೊತ್ತೇ ಇರಲಿಲ್ಲ. ಹಾಗಾದರೆ ನಮ್ಮ ಮನೆಯ ಗುಲಾಬಿ ನೀರು ಇಳಿಸುವ ಪಾತ್ರೆಯಲ್ಲಿ ನಾವೇ ಮಾಡಬಹುದಾ?

ಟೀಚರ್, ಮಂಜೇಶ್ವರ:
ಬೇಡ ಮಗಾ. ಮನೆಯಲ್ಲಿ ಮದ್ಯ ಬಟ್ಟಿ ಇಳಿಸುವುದು ಅಬ್ಕಾರಿ ಕಾಯ್ದೆಯಲ್ಲಿ ಅಪರಾಧ. ಬೆಂಕಿಯ ಅಪಾಯವೂ ಉಂಟು. ಕೊಂಡ ಜಿನ್ನಿಗೆ ಮರ್ಯಾದೆ ಕೊಡುವುದನ್ನು ಕಲಿಯೋಣ.

ಉಪ್ಪಳ ಹಡಗು:
ತಡವಾಗಿ ನೋಡಿದೆ. 11 ವರ್ಷ ಪ್ರಯಾಣಿಕರ ಹಡಗುಗಳಲ್ಲಿ ಬಾರ್ ಕೆಲಸ ಮಾಡಿ ಈಗ ಊರಿಗೆ ಬಂದಿದ್ದೇನೆ. ನೀರ್ಚಾಲಿನ ಅಣ್ಣ, ನಿಮ್ಮ ಜಿನ್ನಿನಲ್ಲಿ ತಪ್ಪಿಲ್ಲ. ತಪ್ಪು ಐಸಿನಲ್ಲಿ.

ಜನ ಐಸ್ ಕಮ್ಮಿ ಹಾಕಿದರೆ ನೀರು ಕಮ್ಮಿ ಆಗುತ್ತದೆ ಅಂದುಕೊಳ್ಳುತ್ತಾರೆ. ಆಗುವುದು ತಿರುಗಾಮುರುಗ. ಮೂರು ತುಂಡು ಐಸಿಗೆ ನಮ್ಮ ಸೆಕೆಯಲ್ಲಿ ಆ ಲೋಟವನ್ನು ತಣ್ಣಗೆ ಮಾಡುವ ತಾಕತ್ತು ಇಲ್ಲ. ಪಾಪ, ಅದು ಪೂರ್ತಿ ಕರಗಿ ಹೋಗುತ್ತದೆ. ಲೋಟದ ತುಂಬ ಐಸ್ ಇದ್ದರೆ ಒಂದಕ್ಕೊಂದು ತಂಪು ಕೊಟ್ಟುಕೊಂಡು ನಿಲ್ಲುತ್ತದೆ, ಕರಗುವುದು ನಿಧಾನ. ಅದಕ್ಕೇ ಹೇಳುವುದು, ಐಸಿನಲ್ಲಿ ಕಂಜೂಸಿ ಬೇಡ.

ಡ್ರೈ ಜಿನ್ನಿನಲ್ಲಿ ಸಕ್ಕರೆ ಇಲ್ಲ. ತಪ್ಪು ಮುಚ್ಚಲಿಕ್ಕೆ ಅದರ ಹತ್ತಿರ ಏನೂ ಇಲ್ಲ. ಬೆಚ್ಚಗೆ ಇದ್ದರೆ ಆಲ್ಕೊಹಾಲ್ ಮುಂದೆ ಬಂದು ನಿಲ್ಲುತ್ತದೆ, ಪರಿಮಳ ಹಿಂದೆ ಸರಿಯುತ್ತದೆ. ಚೆನ್ನಾಗಿ ತಣ್ಣಗಾಗಿ, ಅಳತೆಯ ನೀರು ಸೇರಿದರೆ ಮಾತ್ರ ಜುನಿಪರ್ ಮೆಲ್ಲ ಬಾಯಿ ಬಿಡುತ್ತದೆ.

ಇನ್ನು ಐಸಿನ ವಾಸನೆ. ಬಂಗುಡೆ ಇಟ್ಟ ಫ್ರೀಜರಿನಲ್ಲಿ ಮುಚ್ಚಳ ಇಲ್ಲದ ಟ್ರೇ ಇಟ್ಟರೆ ಐಸ್ ಆ ವಾಸನೆ ಹೀರಿಕೊಳ್ಳುತ್ತದೆ. ಬ್ರಾಂಡಿಯಲ್ಲಿ ಅದು ಗೊತ್ತಾಗದೆ ಇರಬಹುದು, ಜಿನ್ನಿನಲ್ಲಿ ಗೊತ್ತಾಗುತ್ತದೆ. ಮೀನಿನ ಬಂದರಿನ ಬ್ಲಾಕ್ ಐಸ್ ಯಾವ ಕಾರಣಕ್ಕೂ ತರಬೇಡಿ. ಅದು ಕುಡಿಯಲಿಕ್ಕೆ ಮಾಡಿದ್ದಲ್ಲ.

ನಾನು ಮಾಡುವ ಕ್ರಮ: ಹೊಸ ಸಣ್ಣ ಥರ್ಮೊಕೋಲ್ ಪೆಟ್ಟಿಗೆ ತೊಳೆದು, ಕುಡಿಯುವ ನೀರು ತುಂಬಿಸಿ, ಮುಚ್ಚಳ ತೆಗೆದು ಫ್ರೀಜರಿನಲ್ಲಿ ಇಡುವುದು. ಅವತ್ತು ಅಲ್ಲಿ ಮೀನು ಇರಬಾರದು. ಸುತ್ತ ದಪ್ಪ ಗೋಡೆ ಇರುವುದರಿಂದ ನೀರು ಮೇಲಿನಿಂದ ಕೆಳಗೆ ಹೆಪ್ಪುಗಟ್ಟುತ್ತದೆ. ಗಾಳಿಯ ಗುಳ್ಳೆ, ಮಸುಕು ಎಲ್ಲ ಕೆಳಕ್ಕೆ ತಳ್ಳಿಹೋಗುತ್ತದೆ. ಪೂರ್ತಿ ಗಟ್ಟಿಯಾಗುವ ಮೊದಲೇ ತೆಗೆದರೆ ಮೇಲಿನ ಭಾಗ ಕನ್ನಡಿಯ ಹಾಗೆ. ಸ್ವಲ್ಪ ಹೊತ್ತು ಹೊರಗೆ ಬಿಟ್ಟು, ಕತ್ತಿ ಇಟ್ಟು ಮೇಲಿಂದ ಮೆಲ್ಲ ತಟ್ಟಿದರೆ ನೇರ ಸೀಳುತ್ತದೆ. ಆ ಶಬ್ದ ಕೇಳುವುದೇ ಒಂದು ಖುಷಿ.

ನೀರ್ಚಾಲಿನವ:
ಅಣ್ಣ, ಬಹಳ ಉಪಕಾರ. ಮಾರ್ಟಿನಿ ಕುಲುಕಬೇಕಾ, ಕಲಕಬೇಕಾ? ಸಿನಿಮಾದಲ್ಲಿ ಕುಲುಕುತ್ತಾರೆ ಅಲ್ವಾ?

ಉಪ್ಪಳ ಹಡಗು:
ಕಲಕಿ. ಲೆಕ್ಕ ಸುಲಭ. ಹಣ್ಣಿನ ರಸ ಇದ್ದರೆ ಕುಲುಕುವುದು. ಬರೀ ಮದ್ಯಗಳೇ ಇದ್ದರೆ ಕಲಕುವುದು. ಕುಲುಕಿದರೆ ಗಾಳಿ ಸೇರಿ ನೊರೆ ಬರುತ್ತದೆ. ಅದು ನಿಂಬೆರಸಕ್ಕೆ ಚೆಂದ. ಮಾರ್ಟಿನಿಗೆ ಬೇಕಾದ್ದು ರೇಷ್ಮೆಯ ಹಾಗಿನ ನುಣುಪು. ಕುಲುಕಿದ್ದನ್ನೇ ಇಷ್ಟಪಡುವವರೂ ಇದ್ದಾರೆ, ಅವರ ಹತ್ತಿರ ಜಗಳವಿಲ್ಲ. ನನಗೆ ಮಾತ್ರ ಕಲಕಿದ್ದೇ ಸರಿ.

ಜಿನ್ 60 ಎಂಎಲ್, ಡ್ರೈ ವರ್ಮೂತ್ 10 ಎಂಎಲ್. ದೊಡ್ಡ ಲೋಟದ ತುಂಬ ಐಸ್. ಉದ್ದ ಚಮಚದಲ್ಲಿ ಅವಸರ ಇಲ್ಲದೆ ಅರ್ಧ ನಿಮಿಷ ಕಲಕಿ. ಲೋಟದ ಹೊರಗೆ ಬೆವರು ಮೂಡಿ, ಬೆರಳಿಟ್ಟರೆ ಅಂಟುವಷ್ಟು ತಣ್ಣಗಾಗಬೇಕು. 70 ಎಂಎಲ್ ಹಾಕಿದ್ದು ಸೋಸುವಾಗ 90ರ ಹತ್ತಿರ ಬರಬೇಕು. ಆ 20 ಎಂಎಲ್ ನೀರು ಕೂಡ ಮಾರ್ಟಿನಿಯ ಸಾಮಾನೇ. ಕೆಲವರು ಜಿನ್ ಫ್ರೀಜರಿನಲ್ಲಿ ಇಟ್ಟು ಹಾಗೇ ಸುರಿಯುತ್ತಾರೆ. ತಣ್ಣಗೆ ಇರುತ್ತದೆ, ಆದರೆ ನೀರು ಸೇರುವುದಿಲ್ಲ. ನೀವು ಹೇಳಿದ ಸ್ಪಿರಿಟ್ ರುಚಿ ಬರುವುದು ಅಂಥದ್ದರಲ್ಲೂ.

ವರ್ಮೂತ್ ಎಲ್ಲಿ ಇಟ್ಟಿದ್ದೀರಿ?

ನೀರ್ಚಾಲಿನವ:
ಕಪಾಟಿನಲ್ಲಿ. ಭಾವ ಕಳೆದ ಸಲ ಬಂದಾಗ ತಂದದ್ದು. ಕಳೆದ ಮಳೆಗಾಲದಲ್ಲಿ, ಆಟಿಯಲ್ಲಿ, ಮುಚ್ಚಳ ತೆಗೆದದ್ದು ಅಂತ ನೆನಪು.

ಉಪ್ಪಳ ಹಡಗು:
ಅಯ್ಯೋ. ಅದನ್ನು ಚೆಲ್ಲಿ ಮಾರಾಯ್ರೆ. ವರ್ಮೂತ್ ಅಂದರೆ ವೈನ್. ಅದಕ್ಕೆ ಸ್ವಲ್ಪ ಮದ್ಯ, ಕಹಿ ಬೇರು, ಸೊಪ್ಪು ಸೇರಿಸಿದ್ದು. ಒಡೆದ ಮೇಲೆ ಗಾಳಿ ತಾಗಿ ಕೆಡುತ್ತದೆ. ಫ್ರಿಜ್ಜಿನಲ್ಲಿ ಇಟ್ಟು ಒಂದೆರಡು ತಿಂಗಳಲ್ಲಿ ಮುಗಿಸಬೇಕು. ಜಿನ್ ಹೊರಗೆ ಇದ್ದರೆ ತೊಂದರೆ ಇಲ್ಲ. ಎಷ್ಟೋ ಕಡೆ ಮಾರ್ಟಿನಿ ಹಾಳಾಗುವುದು ಇದೇ ಕಾರಣಕ್ಕೆ. ನಾನೇ ಒಂದು ದೊಡ್ಡ ಹೋಟೆಲಿನ ಬಾರ್‌ನಲ್ಲಿ ಧೂಳು ಹಿಡಿದ ವರ್ಮೂತ್‌ನಿಂದ ಮಾಡಿದ ಮಾರ್ಟಿನಿಗೆ ದುಡ್ಡು ಕೊಟ್ಟು, ಒಂದು ಗುಟುಕು ಕುಡಿದು ಇಟ್ಟು ಬಂದಿದ್ದೇನೆ. ಹುಳಿ ಬಂದಿತ್ತು. ಅವತ್ತು ನಿಜಕ್ಕೂ ನೊಂದುಕೊಂಡೆ. ಕಲಿಸುವವರಿಲ್ಲದೆ ಆ ಹುಡುಗ ಕೆಲಸ ಮಾಡುತ್ತಿದ್ದ.

ಬದಿಯಡ್ಕ ತೋಟ:
ಗಿಮ್ಲೆಟ್ ಬಗ್ಗೆ ಕೇಳಿದ್ದರು. ಅಂಗಡಿಯ ಕಾರ್ಡಿಯಲ್ ಬಿಟ್ಟು ಬರೀ ನಿಂಬೆರಸ, ಸಕ್ಕರೆ ಹಾಕಿದರೆ ಆಗುವುದಿಲ್ವಾ? ತೋಟದಲ್ಲಿ ನಿಂಬೆ, ಗಜನಿಂಬೆ ಎರಡೂ ಬಿದ್ದು ಹೋಗುತ್ತಾ ಉಂಟು.

ಕುಂಬಳೆ ಹಳೆಪೇಟೆ:
ಗಿಮ್ಲೆಟ್‌ಗೆ ಕಾರ್ಡಿಯಲ್ ಬಂದದ್ದೇ ಹಡಗಿನಿಂದ. ನಾವಿಕರಿಗೆ ಸ್ಕರ್ವಿ (ವಿಟಮಿನ್ ಸಿ ಕೊರತೆಯ ರೋಗ) ಬಾರದಿರಲಿ ಅಂತ 1867ರ ಬ್ರಿಟಿಷ್ ಕಾನೂನು ವ್ಯಾಪಾರದ ಹಡಗುಗಳಲ್ಲಿ ನಿಂಬೆರಸ ಕೊಡಲೇಬೇಕು ಅಂತ ಮಾಡಿತು. ಅದೇ ವರ್ಷ ಲಾಕ್ಲನ್ ರೋಸ್ ಅನ್ನುವವರು ಆಲ್ಕೊಹಾಲ್ ಇಲ್ಲದೆ ಸಕ್ಕರೆಯಿಂದ ನಿಂಬೆರಸ ಕೆಡದ ಹಾಗೆ ಇಡುವ ಕ್ರಮಕ್ಕೆ ಪೇಟೆಂಟ್ ಪಡೆದರು. ಆ ಕಾರ್ಡಿಯಲ್ ಜಿನ್ನಿಗೆ ಸೇರಿ ಗಿಮ್ಲೆಟ್ ಆಯಿತು. ಜಿನ್ನಿಗೆ ಬೆರೆಸುವ ಟಾನಿಕ್ ನೀರು ಕೂಡ ಹಾಗೆಯೇ ಮದ್ದಿನ ದಾರಿಯಲ್ಲಿ ಬಂದದ್ದು. ಮಲೇರಿಯಾಕ್ಕೆ ಕ್ವಿನೈನ್ ಕೊಡುತ್ತಿದ್ದರು. 1858ರಲ್ಲಿ ಲಂಡನ್ನಿನ ಎರಾಸ್ಮಸ್ ಬಾಂಡ್ ಟಾನಿಕ್ ನೀರಿಗೆ ಪೇಟೆಂಟ್ ಪಡೆದ. 1860ರ ನಂತರ ಕ್ವಿನೈನ್ ಕೊಡುವ ಸಿಂಕೋನಾ ಮರವನ್ನು ನಮ್ಮ ನೀಲಗಿರಿಯಲ್ಲೇ ಬೆಳೆಸಿದರು.

ಟೀಚರ್, ಮಂಜೇಶ್ವರ:
ಟಾನಿಕ್‌ನಲ್ಲಿ ಕ್ವಿನೈನ್ ಇದೆಯೋ ಅಂತ ನೋಡಬೇಕಾದರೆ ನೋಟು ಪರೀಕ್ಷೆ ಮಾಡುವ ನೇರಳೆ ಲೈಟಿನ ಕೆಳಗೆ ಹಿಡಿಯಿರಿ. ಲೋಟ ಪೂರ್ತಿ ತಿಳಿ ನೀಲಿಯಾಗಿ ಹೊಳೆಯುತ್ತದೆ. ಸೋಡ ಹೊಳೆಯುವುದಿಲ್ಲ. ನನ್ನ ಮಕ್ಕಳಿಗೆ ಪ್ರತಿ ವರ್ಷ ತೋರಿಸುತ್ತೇನೆ, ಪ್ರತಿ ವರ್ಷ ಕ್ಲಾಸಿನಲ್ಲಿ ಓ ಅಂತ ಶಬ್ದ ಬರುತ್ತದೆ.

ಉಪ್ಪಳ ಹಡಗು:
ಬದಿಯಡ್ಕದವರೇ, ಬಿದ್ದ ನಿಂಬೆ ಹೆಕ್ಕಿ. ಬರೀ ರಸ ಹಾಕಿದರೆ ರುಚಿ ಚೂಪಾಗುತ್ತದೆ. ಗಿಮ್ಲೆಟ್‌ಗೆ ಸಿಪ್ಪೆಯ ಎಣ್ಣೆ ಬೇಕು.

ಹತ್ತು ನಿಂಬೆ ತೊಳೆದು ಒರೆಸಿ. ಹಸಿರು ಸಿಪ್ಪೆ ಮಾತ್ರ ತೆಳ್ಳಗೆ ಹೆರೆಯಿರಿ. ಬಿಳಿ ಭಾಗ ಬಂದರೆ ಕಹಿ. ಒಂದು ಗಜನಿಂಬೆಯ ಸಿಪ್ಪೆಯೂ ಸೇರಲಿ, ಅದರ ಪರಿಮಳ ಬೇರೆಯೇ. 200 ಗ್ರಾಂ ಸಕ್ಕರೆ ಹಾಕಿ ಕೈಯಲ್ಲೇ ತಿಕ್ಕಿ. ಸ್ವಲ್ಪ ಹೊತ್ತಿಗೆ ಸಕ್ಕರೆ ಒದ್ದೆಯಾಗಿ, ಹಸಿರು ಬಣ್ಣ ತಿರುಗಿ, ಇಡೀ ಅಡಿಗೆಮನೆ ಘಂ ಅನ್ನುತ್ತದೆ. ಮುಚ್ಚಿ ಒಂದು ರಾತ್ರಿ ಇಡಿ. ಬೆಳಿಗ್ಗೆ 150 ಎಂಎಲ್ ನಿಂಬೆರಸ ಹಿಂಡಿ ಹಾಕಿ, ಸಕ್ಕರೆ ಕರಗುವ ತನಕ ಕಲಕಿ, ಬಟ್ಟೆಯಲ್ಲಿ ಸೋಸಿ. ಒಲೆ ಬೇಡ. ಬಿಸಿ ಮಾಡಿದರೆ ಪರಿಮಳ ಹಾರಿಹೋಗುತ್ತದೆ. ಫ್ರಿಜ್ಜಿನಲ್ಲಿ ಇಟ್ಟು ಎರಡು ವಾರದೊಳಗೆ ಮುಗಿಸಿ.

ಜಿನ್ 60, ಈ ಕಾರ್ಡಿಯಲ್ 25 ಎಂಎಲ್. ಐಸ್ ತುಂಬಿಸಿ ಜೋರಾಗಿ ಕುಲುಕಿ. ಶೇಕರ್ ಇಲ್ಲದಿದ್ದರೆ ಬಾಯಿ ಬಿಗಿ ಇರುವ ಸ್ಟೀಲ್ ಡಬ್ಬ ಸಾಕು.

ಹೊಸಂಗಡಿ ಹುಡುಗಿ:
ನಾನು ಬೇರೆ ಮಾತು ಹೇಳುತ್ತೇನೆ, ಬೈಯಬೇಡಿ. ಪುನರ್ಪುಳಿ ಹಾಕಿದರೆ? ಜಿನ್, ಪುನರ್ಪುಳಿ ರಸ, ಸೋಡ. ಬೆಂಗಳೂರಿನಲ್ಲಿ ಕುಡಿದಿದ್ದೇನೆ, ಬಣ್ಣವೂ ಚೆಂದ, ರುಚಿಯೂ ಚೆಂದ. ನಮ್ಮದೇ ಹುಳಿ ಇರುವಾಗ ಟಾಮ್ ಕಾಲಿನ್ಸ್ ಅನ್ನುವ ಜಿನ್-ಸೋಡ ಕಾಕ್‌ಟೇಲ್‌ಗೆ ನಿಂಬೆಯೇ ಯಾಕೆ ಬೇಕು?

ಉಪ್ಪಳ ಹಡಗು:
ಬೈಯುವುದಿಲ್ಲ. ಆದರೆ ಮೊದಲು ನಿಂಬೆಯದ್ದು ಮಾಡಿ ನೋಡು. ಜಿನ್ 45, ನಿಂಬೆರಸ 30, ಸಕ್ಕರೆ ಪಾಕ 15, ಸೋಡ 60 ಎಂಎಲ್. ಅದರಲ್ಲಿ ಜುನಿಪರ್ ಎಲ್ಲಿ ನಿಲ್ಲುತ್ತದೆ ಅಂತ ನಾಲಿಗೆಗೆ ಗೊತ್ತಾಗಬೇಕು. ಪುನರ್ಪುಳಿ ಜೋರು. ಒಂದು ಚಮಚ ಜಾಸ್ತಿಯಾದರೂ ಜಿನ್ ಕಾಣೆ. ಆಗ ಯಾವ ಮದ್ಯ ಹಾಕಿದರೂ ಒಂದೇ. ಭಾವ ಅಷ್ಟು ದೂರದಿಂದ ಡ್ರೈ ಜಿನ್ ತಂದದ್ದು ಅದಕ್ಕಲ್ಲ.

ಪೆರ್ಲ ಮದ್ದಿನಂಗಡಿ:
ನಾನು ಹುಡುಗಿಯ ಪರ. ಪುನರ್ಪುಳಿಯ ಒಣ ಸಿಪ್ಪೆ ನೆನೆಸಿದ ತೆಳು ನೀರು ಹಾಕಿದರೆ ಜುನಿಪರ್ ಸಾಯುವುದಿಲ್ಲ. ನಾಲ್ಕು ಸಿಪ್ಪೆ, ಒಂದು ಲೋಟ ನೀರು, ಅರ್ಧ ಗಂಟೆ. ಬಾಯಿಗೆ ಹಾಕಿದರೆ ಹುಳಿಗಿಂತ ಒಗರು ಜಾಸ್ತಿ. ಜಿನ್ನಿನ ಒಗರಿಗೆ ಅದು ಹೊಂದುತ್ತದೆ.

ಉಪ್ಪಳ ಹಡಗು:
ತೆಳು ನೀರು ಆದರೆ ಒಪ್ಪಿದೆ. ರಸದ ಬದಲು ನೆನೆಸಿದ ನೀರು, ಅದು ನನಗೆ ಹೊಳೆದಿರಲಿಲ್ಲ. ನಿಂಬೆರಸ ಅರ್ಧ ಇರಲಿ, ಅರ್ಧ ಅದು. ಮಾಡಿ ನೋಡುತ್ತೇನೆ.

ಬದಿಯಡ್ಕ ತೋಟ:
ನೆಗ್ರೋನಿ ಅಂತ ಒಂದು ಉಂಟಲ್ಲ, ಅದು ಹೇಗೆ?

ಉಪ್ಪಳ ಹಡಗು:
ಜಿನ್, ಕಂಪಾರಿ ಅನ್ನುವ ಕಹಿ ಕೆಂಪು ಮದ್ಯ, ಸಿಹಿ ಕೆಂಪು ವರ್ಮೂತ್, ಮೂರೂ 30 ಎಂಎಲ್. ಐಸ್ ತುಂಬಿದ ಲೋಟದಲ್ಲೇ ಕಲಕಿ, ಕಿತ್ತಳೆ ತುಂಡು ಹಾಕುವುದು. 1919ರಲ್ಲಿ ಫ್ಲಾರೆನ್ಸಿನ ಕೌಂಟ್ ನೆಗ್ರೋನಿಗೋಸ್ಕರ ಮಾಡಿದ್ದು ಅಂತ ಹೇಳುವ ಕಥೆ ಉಂಟು. ಬಹಳ ಕಹಿ. ಕಾಸರಗೋಡಿನವರಿಗೆ ಹಾಗಲಕಾಯಿ ಮೆಣಸ್ಕಾಯಿ ಇಷ್ಟ ಅಲ್ವಾ, ಸಿಹಿ, ಕಹಿ, ಹುಳಿ ಒಟ್ಟಿಗೆ. ಅದು ಇಷ್ಟವಾದವರಿಗೆ ಇದೂ ಎರಡನೇ ಗುಟುಕಿಗೆ ಹಿಡಿಸುತ್ತದೆ.

ನೀರ್ಚಾಲಿನವ:
ಇವತ್ತು ಸೋಮವಾರ. ನಿನ್ನೆಯ ವರದಿ ಒಪ್ಪಿಸುತ್ತೇನೆ.

ಶನಿವಾರ ರಾತ್ರಿ ನಾನೂ ಭಾವನೂ ಕೂತು ಸಿಪ್ಪೆ ಹೆರೆದೆವು. ಪೆಟ್ಟಿಗೆಯ ಐಸ್ ಅಡಿಯಲ್ಲಿ ಇನ್ನೂ ನೀರು ಇರುವಾಗಲೇ ತೆಗೆದೆವು. ಕತ್ತಿಯಲ್ಲಿ ತಟ್ಟಿದಾಗ ಟಿಕ್ ಅಂತ ಎರಡಾಯಿತು. ಒಳಗೆ ಒಂದು ಗುಳ್ಳೆಯೂ ಇರಲಿಲ್ಲ. ಭಾವ ಅದನ್ನು ಬಲ್ಬಿಗೆ ಹಿಡಿದು ನೋಡಿದರು.

ಗಿಮ್ಲೆಟ್ ಸ್ಟೀಲ್ ಡಬ್ಬದಲ್ಲಿ ಕುಲುಕಿದೆವು. ಕೈ ಮರಗಟ್ಟಿತು. ಲೋಟಕ್ಕೆ ಸೋಸಿದಾಗ ತೆಳು ಹಸಿರು, ಮೇಲೆ ಸಣ್ಣ ಐಸಿನ ಚೂರು. ಮೊದಲು ಗಜನಿಂಬೆ ಮೂಗಿಗೆ ಬಂತು. ನುಂಗಿ ಆದ ಮೇಲೆ ಪೆರ್ಲದವರು ಹೇಳಿದ ದೇವದಾರು. ಕೊತ್ತಂಬರಿ ಕೂಡ ಗೊತ್ತಾಯಿತು, ಹೇಳಿದ್ದರಿಂದಲೇ ಗೊತ್ತಾಯಿತು. ಉರಿ ಇಲ್ಲ. ಭಾವ ಏನೂ ಹೇಳದೆ ಎರಡನೇ ಗುಟುಕು ತೆಗೆದುಕೊಂಡರು. ಆಮೇಲೆ ಇದು ಅಲ್ಲಿಯದ್ದಕ್ಕಿಂತ ಒಳ್ಳೆಯದಾಗಿದೆ ಅಂದರು. ತಲಾ ಒಂದೇ ಕುಡಿದು ನಿಲ್ಲಿಸಿದೆವು. ಮಾರ್ಟಿನಿಗೆ ಹೊಸ ವರ್ಮೂತ್ ಸಿಗುವ ತನಕ ಕಾಯುತ್ತೇವೆ.

ಅಮ್ಮ ಅದೇ ಕಾರ್ಡಿಯಲ್‌ಗೆ ತಣ್ಣೀರು, ಚಿಟಿಕೆ ಉಪ್ಪು, ಜಜ್ಜಿದ ಏಲಕ್ಕಿ ಹಾಕಿ ಕುಡಿದರು. ಅರ್ಧ ಬಾಟ್ಲಿ ಮುಗಿದದ್ದು ಅವರಿಂದಲೇ. ಕುಡಿಯದವರು ಯಾರಾದರೂ ಓದುತ್ತಿದ್ದರೆ ಅದನ್ನು ಮಾಡಿ ನೋಡಿ.

ಸೋಸಿ ಉಳಿದ ಸಿಪ್ಪೆ ಎಂತ ಮಾಡುವುದು ಹಡಗಿನ ಅಣ್ಣ? ಸಕ್ಕರೆ ಹೀರಿ ಮೆತ್ತಗಾಗಿದೆ, ಎಸೆಯಲಿಕ್ಕೆ ಮನಸ್ಸಿಲ್ಲ.

ಉಪ್ಪಳ ಹಡಗು:
ಎಸೆಯಬೇಡಿ. ಬಟ್ಟೆಯ ಮೇಲೆ ಹರಡಿ ಎರಡು ದಿನ ಬಿಸಿಲಿಗೆ ಹಾಕಿ. ಗರಿಗರಿಯಾದ ಮೇಲೆ ಡಬ್ಬದಲ್ಲಿ ಇಡಿ. ಟಾಮ್ ಕಾಲಿನ್ಸ್ ಮೇಲೆ ಒಂದು ಚೂರು ಇಟ್ಟರೆ ಸಾಕು.

ನೀರ್ಚಾಲಿನವ:
ಅಮ್ಮ ಈಗಲೇ ಹಳೆಯ ಪಂಚೆ ಹಾಸಿ ಅಂಗಳದಲ್ಲಿ ಹರಡಿದರು. ಇವತ್ತು ಸ್ವಲ್ಪ ಮೋಡ ಉಂಟು. ಒಣಗಿದ ಮೇಲೆ ಬರೆಯುತ್ತೇನೆ.